ಹೆಸರು ಹಿಂದೆ ಬರೆಯಿರಿ

ಯಾರೂ ನೋಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಅವನು ಚಿತ್ರದ ಒಂದು ಮೂಲೆಗೆ ಉಗುರು ಹಾಕಿದ.

ಗೋಂದು ಇನ್ನೂ ಪೂರ್ತಿ ಒಣಗಿರಲಿಲ್ಲ. ಎಳೆದ. ಹಾಳೆ ಕೈಗೆ ಬಂತು, ನಾಲ್ಕು ಮೂಲೆಗಳ ಚೂರು ಮಾತ್ರ ಗೋಡೆಯಲ್ಲೇ ಉಳಿದವು. ಮಡಚಿ ಅಂಗಿಯೊಳಗೆ ತುರುಕಿಕೊಂಡು ಗುಂಡಿ ಹಾಕಿದ. ಮೊದಲ ಸಲ ತಪ್ಪು ಕಾಜಕ್ಕೆ ಹೋಯಿತು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಗಡಿಯಾರ ರಿಪೇರಿಯವನ ಕೈ ಅದು. ಕೆಲಸದಲ್ಲಿ ಒಮ್ಮೆಯೂ ತಪ್ಪಿದ್ದಿಲ್ಲ.

ಭಾನುವಾರದ ಚಿತ್ರ ತರಗತಿಯ ವರ್ಷದ ಕೊನೆಯ ಪ್ರದರ್ಶನ. ದರ್ಜಿ ಅಂಗಡಿಯ ಮೇಲಿನ ಉದ್ದನೆಯ ಕೋಣೆ. ವಿಷಯ ‘ನಮ್ಮಪ್ಪ’. ಮಕ್ಕಳೇ ಬರೆದು ಮಕ್ಕಳೇ ಅಂಟಿಸಿದ ಇಪ್ಪತ್ತೆರಡು ಚಿತ್ರಗಳು. ಹೆಸರು ಮಾತ್ರ ಹಾಳೆಯ ಹಿಂದೆ. ಅಪ್ಪಂದಿರು ಮೊದಲು ತಮ್ಮನ್ನು ತಾವೇ ಹುಡುಕಿಕೊಳ್ಳಬೇಕು; ಐದು ಗಂಟೆಗೆ ಮಕ್ಕಳು ಬಂದು ತಂತಮ್ಮ ಚಿತ್ರದ ಪಕ್ಕ ನಿಲ್ಲುತ್ತಾರೆ. ಡ್ರಾಯಿಂಗ್ ಮೇಷ್ಟ್ರು ಕಟ್ಟಿದ ಆಟ ಅದು.

“ನಾನು ಮಕ್ಕಳ ಒಂದು ಗೆರೆ ತಿದ್ದೋದಿಲ್ಲ, ಒಂದು ಚಿತ್ರ ತೆಗೆಯೋದಿಲ್ಲ,” ಎಂದು ಮೇಷ್ಟ್ರು ಬಾಗಿಲಲ್ಲೇ ಹೇಳಿದ್ದರು. “ಕಂಡದ್ದನ್ನೇ ಬರೀತಾವೆ, ಪಾಪ.” ಮೆಲುದನಿಯ ಮನುಷ್ಯ, ಹತ್ತಿರ ಹೋಗಿ ಕೇಳಬೇಕು. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಪಟ್ಟಿಯಲ್ಲಿ ಗುರುತು ಹಾಕಿಕೊಂಡು, ಮತ್ತೆ ಅಲ್ಲಿಗೇ ಸಿಕ್ಕಿಸಿದ್ದರು.

ಮೊದಮೊದಲು ಅವನೂ ನಕ್ಕಿದ್ದ. ಹೊಟ್ಟೆ ಹಾಳೆಯಲ್ಲಿ ಹಿಡಿಸದ ಅಪ್ಪ, ಕೈಗೆ ಏಳು ಬೆರಳಿನ ಅಪ್ಪ, ತಲೆತುಂಬ ಹೇರ್‌ಕ್ಲಿಪ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಮಲಗಿರುವ ಅಪ್ಪ. ಯಾರೋ ಪುಣ್ಯವಂತ, ಮಗಳಿಗೆ ಎಷ್ಟು ಸಲಿಗೆ ಕೊಟ್ಟಿದ್ದಾನೆ ಎಂದುಕೊಂಡ.

ಆಮೇಲೆ ಬಾಗಿಲ ಹಿಂದಿನ ಮೂಲೆಯಲ್ಲಿ ತನ್ನನ್ನು ಕಂಡ.

ಅರ್ಧ ಹಾಳೆಯಷ್ಟು ದೊಡ್ಡ ಬಾಯಿ. ಕೆಂಪು. ಮೇಲೆ ಮೀಸೆ, ಎತ್ತಿದ ಕೈ. ಮೇಜಿನ ಕೆಳಗೆ ಎರಡೂ ಕಿವಿ ಮುಚ್ಚಿಕೊಂಡ ಪುಟ್ಟ ಮಗು. ನೆಲದ ತುಂಬ ನೀಲಿ ಚುಕ್ಕೆ.

ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೋದ ತಿಂಗಳು ಮಗಳು ತಿರುಪುಗಳ ತಟ್ಟೆ ಬೀಳಿಸಿದ್ದಳು. ಅವನು ಕೂಗಿದ ಕೂಗಿಗೆ ಪಕ್ಕದ ಮನೆಯ ಕಿಟಕಿ ತೆರೆದಿತ್ತು. ಮೇಜಿನ ಕೆಳಗೆ ಸೇರಿಕೊಂಡ ಮಗಳು ಹೊರಗೆ ಬಂದದ್ದು ಊಟದ ಹೊತ್ತಿಗೆ. ಚಿತ್ರದ ಮನುಷ್ಯನಿಗೆ ಕನ್ನಡಕವಿಲ್ಲ, ಬೈಯುವಾಗ ತೆಗೆದಿಟ್ಟಿದ್ದೆನಲ್ಲ. ತಿರುಪು ನೀಲಿ ಯಾಕೆ? ಕಪ್ಪು ಬಣ್ಣ ಮುಗಿದಿರಬೇಕು. ಕಿವಿಯ ಮೇಲೊಂದು ಹಳದಿ ಗೆರೆ. ಸಿಟ್ಟು ನೆತ್ತಿಗೇರಿದ್ದನ್ನು ಹೀಗೆ ತೋರಿಸಿದ್ದಾಳೆ. ತಪ್ಪು ಮಾಡಿದವನಿಗೆ ಎಲ್ಲಕ್ಕೂ ಉತ್ತರ ತಾನಾಗಿ ಹೊಳೆಯುತ್ತದೆ. ಹಾಳೆಯ ಅಂಚು ಎತ್ತಿ ಹಿಂದಿನ ಹೆಸರು ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಇನ್ನು ಹತ್ತು ನಿಮಿಷಕ್ಕೆ ಮಗಳು ಇಷ್ಟು ಜನರೆದುರು ಇದರ ಪಕ್ಕ ನಿಲ್ಲುತ್ತಾಳೆ. ಅವನು ನಾಚಿ ಹಿಡಿಯಾದ. ಕಿತ್ತೇಬಿಟ್ಟ.

ತಿರುಗಿದಾಗ ಮೇಷ್ಟ್ರು ಹೊಸ್ತಿಲಲ್ಲಿದ್ದರು. ನೋಡಿದರೋ ಇಲ್ಲವೋ, ಕಣ್ಣು ಪಟ್ಟಿಯ ಮೇಲಿತ್ತು.

ಮಕ್ಕಳು ನುಗ್ಗಿದರು. ಗೋಂದಿನ ಡಬ್ಬಿ ಹೊತ್ತಿದ್ದ ಒಬ್ಬ ಪುಟ್ಟ ಹುಡುಗಿಯ ಕಾಲು ತಗುಲಿ ಬಣ್ಣದ ನೀರಿನ ಬಟ್ಟಲು ಮಗುಚಿತು. ಹುಡುಗಿ ನಿಂತಲ್ಲೇ ನಿಂತಳು.

“ಸರ್...”

“ಪರವಾಗಿಲ್ಲ ಪುಟ್ಟಾ,” ಮೇಷ್ಟ್ರು ನಕ್ಕರು. “ಒರೆಸಿದ್ರಾಯ್ತು.”

ಅಪ್ಪಂದಿರೆಲ್ಲ ತಲೆದೂಗಿದರು. ಮನುಷ್ಯ ಅಂದರೆ ಹೀಗಿರಬೇಕು ಎಂದು ಗಡಿಯಾರದವನು ತನ್ನನ್ನು ತಾನೇ ಬೈದುಕೊಂಡ. ಅಂಗಿಯೊಳಗಿನ ಹಾಳೆ ಎದೆಗೆ ಚುಚ್ಚುತ್ತಿತ್ತು.

ಅವನ ಮಗಳು ಓಡಿ ಬಂದಳು. ಬಾಗಿಲ ಹಿಂದೆ ನೋಡಲೂ ಇಲ್ಲ. ಸೀದಾ ಹೋಗಿ ಹೇರ್‌ಕ್ಲಿಪ್ ಅಪ್ಪನ ಪಕ್ಕ ನಿಂತಳು.

“ಇದು... ನಾನಾ?”

“ಹೂಂ ಅಪ್ಪ. ನಿಂಗೆ ಜ್ವರ ಬಂದು ಮಲಗಿದ್ದೆಯಲ್ಲ, ಅವತ್ತು. ನನ್ನ ಕ್ಲಿಪ್ಪೆಲ್ಲ ಹಾಕಿದ್ದೆ, ನಿಂಗೆ ಗೊತ್ತೇ ಆಗ್ಲಿಲ್ಲ. ನಿದ್ದೆ ಮಾಡೋವಾಗ ನೀನು ಬೈಯೋದೇ ಇಲ್ಲ.”

ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ದೃಷ್ಟಿ ತಪ್ಪಿಸಿದಾಗ ಬಾಗಿಲ ಹಿಂದಿನ ಮೂಲೆ ಕಂಡಿತು. ಖಾಲಿ ಗೋಡೆಯ ಪಕ್ಕ ಗೋಂದಿನ ಹುಡುಗಿ ನಿಂತಿದ್ದಳು. ಅಳಲಿಲ್ಲ, ಯಾರನ್ನೂ ಕೇಳಲಿಲ್ಲ. ಉಳಿದಿದ್ದ ಚೂರೊಂದನ್ನು ಬೆರಳಿನಿಂದ ಒತ್ತಿ ಒತ್ತಿ ಅಂಟಿಸುತ್ತಿದ್ದಳು. “ಎಲ್ಲೋ ಬಿದ್ದೋಗಿರ್ಬೇಕು,” ಎಂದರು ಯಾರೋ. ಮಿಕ್ಕ ಮಕ್ಕಳ ಪಕ್ಕದಲ್ಲೆಲ್ಲ ಒಬ್ಬೊಬ್ಬ ಅಪ್ಪನಿದ್ದ. ಅವಳ ಪಕ್ಕ ಯಾರೂ ಇರಲಿಲ್ಲ.

ಪಾಪ, ಆ ಮಗು ಬಾಯಿಬಿಟ್ಟು ಹೇಳಿಕೊಂಡ ಒಂದೇ ಒಂದು ಮಾತನ್ನು ತಾನು ಕದ್ದು ಅಂಗಿಯೊಳಗಿಟ್ಟುಕೊಂಡಿದ್ದೇನೆ ಎಂದು ಅವನಿಗೆ ಆಗ ತಿಳಿಯಿತು. ಅದನ್ನು ಹಿಂದಿರುಗಿಸದೆ ಮನೆಗೆ ಹೋಗುವಂತಿರಲಿಲ್ಲ.

ಜನ ಕರಗಿದ ಮೇಲೆ ಮಗಳನ್ನು ಮೆಟ್ಟಿಲ ಬಳಿ ನಿಲ್ಲಿಸಿ ಮೇಷ್ಟ್ರ ಹತ್ತಿರ ಹೋದ. ಮಡಚಿದ ಹಾಳೆ ತೆಗೆದು ಚಾಚಿದ.

“ತಪ್ಪಾಯ್ತು ಮೇಷ್ಟ್ರೇ. ಇದು ನಾನೇ ಅಂದ್ಕೊಂಡೆ. ಆ ಮಗೂಗೆ ವಾಪಸ್ ಕೊಡಿ. ನಾನೇ ಅವಳ ಹತ್ರ ತಪ್ಪೊಪ್ಕೋತೀನಿ.”

ಮೇಷ್ಟ್ರು ಕೈ ಮುಂದೆ ಮಾಡಲಿಲ್ಲ.

“ಬೇರೆ ಯಾರಾದ್ರೂ ನೋಡಿದ್ರಾ?”

“ಇಲ್ಲ.”

“ಹಾಗಾದ್ರೆ ನಿಮ್ಮ ಹತ್ರಾನೇ ಇರ್ಲಿ.” ಧ್ವನಿ ಎಂದಿಗಿಂತ ಮೆಲ್ಲಗಿತ್ತು. “ದೊಡ್ಡ ಉಪಕಾರ ಮಾಡಿದ್ರಿ.”

ತನ್ನ ಮಾನ ಉಳಿಸಲು ಹೀಗೆನ್ನುತ್ತಿದ್ದಾರೆ ಎಂದುಕೊಂಡ ಅವನಿಗೆ ಕಣ್ಣು ತುಂಬಿ ಬಂತು. ಮೇಷ್ಟ್ರು ಮುಖ ತಿರುಗಿಸಿ, ಕಿವಿಯ ಮೇಲಿದ್ದ ಹಳದಿ ಪೆನ್ಸಿಲ್ ತೆಗೆದು ಜೇಬಿಗೆ ಹಾಕಿಕೊಂಡರು.

ನೆಲದ ನೀಲಿ ಕಲೆ ಒರೆಸಿ ಮುಗಿಸಿದ ಗೋಂದಿನ ಹುಡುಗಿ ಎದ್ದು, ಮೇಷ್ಟ್ರಿಂದ ಒಂದು ಮಾರು ದೂರದಲ್ಲೇ ನಿಂತು ಕೇಳಿದಳು: “ಒರೆಸಾಯ್ತು ಅಪ್ಪ. ಈಗ ಮನೆಗೆ ಹೋಗ್ಲೇಬೇಕಾ?”