ಒಂದೇ ಅಂಕಿಯ ಎರಡು ಪಾಠ

ವಾಷಿಂಗ್ ಮಷೀನಿಗೆ ಹಾಕುವ ಮುಂಚೆ ಮಗಳ ಪ್ಯಾಂಟಿನ ಜೇಬು ತಡಕಿದ ಅಮ್ಮನ ಕೈಗೆ ನಾಲ್ಕಾಗಿ ಮಡಿಸಿದ ಹಾಳೆ ಸಿಕ್ಕಿತು. ವಿಶ್ವವಿದ್ಯಾಲಯದ ಅಂಕಪಟ್ಟಿ. ಕೊನೆಯಲ್ಲಿ ‘ಒಟ್ಟು ೧೨೦ ಕ್ರೆಡಿಟ್’ ಎಂದು ಮಗಳು ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದಿದ್ದಳು. ಪದವಿಗೆ ಬೇಕಾದದ್ದು ಅಷ್ಟೇ. ಪದವಿ ಬಂದರೆ ಮುಂದಿನ ತಿಂಗಳು ಪ್ರಯೋಗಾಲಯದಲ್ಲಿ ಕೆಲಸ. ಸರಿಯಾದ ಲೆಕ್ಕವನ್ನು ಯಾರಾದರೂ ಅಳಿಸುತ್ತಾರೆಯೇ?

ಬಟ್ಟೆ ಅಲ್ಲೇ ಬಿಟ್ಟು ಅಮ್ಮ ಹಾಳೆಯನ್ನು ಬೆಳಕಿಗೆ ಹಿಡಿದಳು. ಹದಿನಾರು ವರ್ಷ ಔಷಧಿ ಅಂಗಡಿಯಲ್ಲಿ ನಿಂತು, ಡಬ್ಬಿಯ ಮೇಲಿನ ದೊಡ್ಡ ಹೆಸರಿಗಿಂತ ಮೂಲೆಯ ಸಣ್ಣ ಅಕ್ಷರಗಳನ್ನೇ ನಂಬಿದವಳು. ಪಾಠದ ಕೋಡಿನ ಮೊದಲ ಅಂಕಿ ವರ್ಷ, ಕೊನೆಯ ಅಕ್ಷರ ಭಾಷೆ, ‘ಇ’ ಅಂದರೆ ಇಂಗ್ಲಿಷ್, ‘ಮ’ ಅಂದರೆ ಮಾತೃಭಾಷೆ ಎಂದು ಅಡಿಯಲ್ಲಿ ಅಚ್ಚಾಗಿತ್ತು. ಹೋದ ವರ್ಷ ‘೨೧೫ ಇ’. ಈ ವರ್ಷ ‘೨೧೫ ಮ’.

“ಇದೇನೇ ಇದು? ಮೂರನೇ ವರ್ಷದವಳು ಎರಡನೇ ವರ್ಷದ ಪಾಠಕ್ಕೆ ಯಾಕೆ ಹೋಗಿದ್ದೆ?”

ಹಲ್ಲುಜ್ಜುತ್ತಿದ್ದ ಮಗಳ ಕೈ ನಿಂತಿತು. “ನನ್ನ ಜೇಬು ಯಾಕೆ ನೋಡಿದೆ?”

“ಜೇಬಲ್ಲೇ ಟಿಶ್ಯೂ ಪೇಪರ್ ಬಿಟ್ಟು ಬಟ್ಟೆಗೆಲ್ಲ ಹಿಟ್ಟು ಬಳಿದ ಹಾಗೆ ಮಾಡೋ ಮಹಾರಾಣಿ ನೀನು. ನೋಡದೆ ಏನು ಮಾಡ್ಲಿ? ಮಾತು ಮರೆಸ್ಬೇಡ.”

“ಅದು ಬೇರೆ ಪಾಠ ಅಮ್ಮ. ಕೋಡೇ ಬೇರೆ.”

“ಭಾಷೆ ಬೇರೆ ಅಷ್ಟೇ. ಒಂದು ಇಂಗ್ಲಿಷ್, ಒಂದು ನಮ್ಮದು. ಎರಡೂ ಸಂಖ್ಯಾಶಾಸ್ತ್ರಾನೇ! ಒಂದೇ ಮಾತ್ರೆಗೆ ಎರಡು ಡಬ್ಬಿ. ಎರಡಕ್ಕೂ ಮೂರು ಮೂರು ಕ್ರೆಡಿಟ್, ಒಟ್ಟು ಆರು ಅಂತ ಕೂಡಿಸ್ಕೊಂಡಿದ್ದೀಯಲ್ಲ, ಆಫೀಸಿನವರು ಒಪ್ಪಿದಾರಾ?”

“ಕೇಳಿಲ್ಲ.”

“ಯಾಕೆ?”

“ಕೇಳಿದ್ರೆ... ಇಲ್ಲ ಅಂದ್ಬಿಟ್ರೆ?”

ಅಮ್ಮನ ಅನುಮಾನ ಇನ್ನೂ ಬಗೆಹರಿದಿರಲಿಲ್ಲ. “ನಿಜ ಹೇಳು. ಗೊತ್ತಿರೋ ಪಾಠ, ಕೂತಲ್ಲೇ ಕ್ರೆಡಿಟ್ ಬರುತ್ತೆ ಅಂತ ತಾನೇ ಸೇರಿದ್ದು?”

ಮಗಳು ಬಾಯಿ ಮುಕ್ಕಳಿಸಿದಳು. ಬೇಕಿಲ್ಲದಿದ್ದರೂ ಮುಖವನ್ನೂ ತೊಳೆದುಕೊಂಡಳು. “ಗೊತ್ತೇ ಇರ್ಲಿಲ್ಲ ಅಮ್ಮ. ಇಂಗ್ಲಿಷಲ್ಲಿ ಬಾಯಿಪಾಠ ಹೊಡೆದು ಪಾಸಾಗಿದ್ದೆ.”

ಅಮ್ಮ ಬಯ್ಯಲಿಲ್ಲ. ಹಾಳೆಯ ಮೇಲಿದ್ದ ಕಚೇರಿಯ ನಂಬರು ಒತ್ತಿ, ಫೋನನ್ನು ಮಗಳ ಕೈಗಿಟ್ಟು, ಟವೆಲ್ಲಿನಿಂದ ಅವಳ ಕೆನ್ನೆ ಒರೆಸಿದಳು. ಯಾವ ಭಾಷೆಗೆ ಯಾವ ಗುಂಡಿ ಎಂದು ಫೋನಿನ ಯಂತ್ರದ ದನಿ ಹೇಳಿತು. ಮಗಳು ತಮ್ಮ ಭಾಷೆಯ ಗುಂಡಿಯನ್ನೇ ಒತ್ತಿದಳು.

“ಹೇಳಿ,” ಎಂದಿತು ಆ ಕಡೆಯ ದನಿ.

“ಸರ್, ಒಂದು ಪಾಠನ ಅರ್ಥ ಆಗದೆ ಪಾಸ್ ಮಾಡಿದೀನಿ. ಅರ್ಥ ಆಗ್ಲಿ ಅಂತ ಅದನ್ನೇ ನಮ್ಮ ಭಾಷೇಲಿ ಇನ್ನೊಂದು ಸಲ ಓದಿದೀನಿ. ಇದರಲ್ಲಿ ಯಾವುದಕ್ಕೆ ಸರ್ ಕ್ರೆಡಿಟ್?”