ಕುಸಿಯುವ ಮನೆಯ ನೆಗೆಣ್ಣಿಯರು

ಭೂಕಂಪದ ಹೊತ್ತನ್ನೂ ಮಳೆಯಂತೆ ಮೊದಲೇ ಹೇಳುವ ಕಾಲವದು. ಸಂಜೆಗೆ ದೊಡ್ಡ ಭೂಕಂಪವಿದೆ ಎಂದು ಆಟೋದ ಮೈಕು ಎಂದಿನಂತೆ ಸಾರಿಕೊಂಡು ಹೋಯಿತು. ಆಳಂದದ ಜನ ಚಾಪೆ ಹಿಡಿದು ಮೈದಾನಕ್ಕೆ ಹೊರಟರು. ಕಂಟ್ರಾಕ್ಟರ್ ಕಬ್ಬಿಣ ಉಳಿಸಿ ಕಟ್ಟಿದ್ದ ಮನೆ ಈ ಸಲ ನಿಲ್ಲುವುದಿಲ್ಲವೆಂದು ಗೊತ್ತಿದ್ದೂ ಶರಣಮ್ಮ ಅಡುಗೆಮನೆಯಿಂದ ಕದಲಲಿಲ್ಲ. ಮನೆ ಪಾಲಾದ ಮೇಲೆ ಮಾತು ಬಿಟ್ಟಿದ್ದ ನೆಗೆಣ್ಣಿ ಮಹಾದೇವಿ ಮಹಡಿಯಿಂದ ಇಳಿದು ಬಂದಳು.

"ಏಳಕ್ಕಾ, ಹೊತ್ತಾತು."

"ಇಬ್ರೂ ಒಂದೇ ದಿನ ಸೊಸಿಯಾಗಿ ಸೇರಕ್ಕಿ ಒದ್ದು ಬಂದ ಮನಿ ಇದು. ಹೆಂಗ ಬಿಟ್ಟ ಬರ್ಲಿ?"

"ಹಂಗಾದ್ರ ನಾನೂ ಕುಂಡ್ರತೀನಿ," ಎಂದು ಮಹಾದೇವಿ ಪಕ್ಕದಲ್ಲೇ ಕುಳಿತಳು.

ಶರಣಮ್ಮ ಗಾಬರಿಯಾಗಿ ಅವಳ ಕೈ ಹಿಡಿದು ಹೊರಗೆ ಓಡಿದಳು. ನೆಲ ನಡುಗಿತು. ಮನೆ ಕುಸಿಯಿತು.

ಮೈದಾನದಲ್ಲಿ ಒಂದೇ ಚಾಪೆಯ ಮೇಲೆ ಕೂತು ಇಬ್ಬರೂ ಅತ್ತರು.

"ಮದಲನೇ ದಿನ ಸಾರಿಗೆ ಉಪ್ಪ ಹಾಕೋದ ಮರ್ತಿದ್ದಿ, ನೆನಪೈತೇನು?" ಎಂದಳು ಶರಣಮ್ಮ.

"ಮರ್ತಾಕಿ ನೀನು, ಬೈಸಿಕೊಂಡಾಕಿ ನಾನು!" ಎಂದು ಮಹಾದೇವಿ ನಕ್ಕಳು.