ಬೇವಿನ ನಿವೃತ್ತಿ

ಫೌಂಡ್ರಿಯ ಹೊಗೆಯನ್ನೆಲ್ಲ ಮೂವತ್ತು ವರ್ಷ ನುಂಗಿದ ಬೇವಿನಮರಕ್ಕೆ ಅಂದು ನಿವೃತ್ತಿ. ಬೆಳಗಾವಿಯ ಎಲ್ಲ ಕಾರ್ಖಾನೆಗಳಂತೆ ಇಲ್ಲಿಯೂ ಹೊಗೆಯ ಕೊಳವೆ ಮರದ ಬುಡಕ್ಕೇ ಇಳಿದಿತ್ತು. ಪರಿಸರ ಅಧಿಕಾರಿ ಶಾಲ್ಮಲಾ ಹಂಚಿನಮನಿ ಬೆಳಿಗ್ಗೆಯೇ ಶಾಲು, ಹಾರ ತರಿಸಿಟ್ಟಿದ್ದಳು.

ಮಾಲೀಕ ಈರಪ್ಪಣ್ಣ ಮಾತ್ರ ಹಾರದ ಕಡೆ ನೋಡಲೇ ಇಲ್ಲ. ಬೇವಿನ ಜಾಗಕ್ಕೆ ಬಂದ ಎಳೆಯ ಹೊಂಗೆ ಫೌಂಡ್ರಿಯ ಎರಡೂ ಭಟ್ಟಿಗಳ ಹೊಗೆ ತಾಳುವಂತಿರಲಿಲ್ಲ.

"ಇನ್ನೊಂದು ವರ್ಷ ಇರ್ತದೇನು, ಕೇಳ್ರಿ ಮೇಡಂ. ಅದು ಹ್ಞೂಂ ಅಂದ್ರ ಕಾಯ್ದೆನೂ ಒಪ್ತದ."

ಕೇಳುವ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ. ಮರದಡಿ ನಿಂತು ಅಂಗೈ ಚಾಚಬೇಕು. ಒಪ್ಪಿಗೆಯಿದ್ದರೆ ಒಂದು ಎಲೆ ಕೈಗೆ ಬೀಳುತ್ತದೆ, ಇಲ್ಲದಿದ್ದರೆ ಇಲ್ಲ.

ಶಾಲ್ಮಲಾ ತೊಗಟೆ ಸವರಿದಳು. ಕೈಗೆ ಮಸಿ ಹತ್ತಿತು. ಈ ಮರ ಒಮ್ಮೆಯೂ ಒಲ್ಲೆ ಅಂದದ್ದಿಲ್ಲ. ಬೇವು ಹೂಬಿಡುವ ಯುಗಾದಿಯ ರಜೆಯಲ್ಲೂ ದುಡೀತೀಯಾ ಎಂದು ಕೇಳಿದಾಗ ಎಲೆ ಕೊಟ್ಟಿತ್ತು. ಅದಕ್ಕೇ ಅದು ಹೂಬಿಟ್ಟದ್ದನ್ನು ಇಲ್ಲಿ ಯಾರೂ ಕಂಡಿರಲಿಲ್ಲ.

"ಇನ್ನೊಂದು ವರ್ಷ ದುಡೀತೀಯೇನವ್ವಾ?" ಎಂದು ಮೆಲ್ಲಗೆ ಕೇಳಿ ಅಂಗೈ ಚಾಚಿದಳು.

ಗಾಳಿಯಿರಲಿಲ್ಲ. ಆದರೂ ತುದಿಕೊಂಬೆಯಿಂದ ಎಲೆಯೊಂದು ತಿರುಗುತ್ತ ಇಳಿದು ಅವಳ ಅಂಗೈಯಲ್ಲಿ ಕೂತಿತು. ಅವಳು ತಟ್ಟನೆ ಮುಷ್ಟಿ ಕಟ್ಟಿದಳು.

"ಒಲ್ಲೆ ಅಂತರೀ, ಸಾಹುಕಾರ್ರ."

ಈರಪ್ಪಣ್ಣ ಅವಳ ಮುಷ್ಟಿಯನ್ನು ನೋಡಿದ. ಬೆರಳ ಸಂದಿಯಲ್ಲಿ ಎಲೆಯ ತೊಟ್ಟು ಇಣುಕುತ್ತಿತ್ತು. ಕತ್ತೆತ್ತಿ ಮಸಿಹಿಡಿದ ಕೊಂಬೆಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ತಲೆಯ ಮೇಲಿನ ಟೊಪ್ಪಿಗೆ ತೆಗೆದ.

"ಒಲ್ಲೆ ಅಂದಮ್ಯಾಲ ಮುಗೀತು. ಒಂದು ಭಟ್ಟಿ ಆರಸೂಣು," ಎಂದ. "ಆ ಹಾರ ಇತ್ತ ಕೊಡ್ರಿ, ನಾನ ಹಾಕ್ತೇನಿ."